ಹೊನ್ನಾವರದಿಂದ ತುಮರಿಗೆ: ಲಾಂಚಿನ ಕೊನೆಯ ಬೇಸಿಗೆ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ನಿಂತು ತುಮರಿ ಸಮೀಪದ ಸಿಗಂದೂರಿಗೆ ದಾರಿ ಕೇಳಿದರೆ ಮೂರು ಜನ ಮೂರು ಉತ್ತರ ಕೊಡುತ್ತಿದ್ದರು. ಕಾರಿದ್ದವರು ಭಟ್ಕಳ ದಾಟಿ ಕೊಲ್ಲೂರಿನ ಮೇಲೆ, ನಾಗೋಡಿ ಘಾಟಿಯಲ್ಲಿ ಹೋಗಬೇಕಂತೆ. ಬೈಕಿನವರಿಗೆ ಕಾರ್ಗಲ್ ಸಮೀಪದ ಮುಪ್ಪಾನೆಯ ಲಾಂಚು ಹತ್ತಿರವಂತೆ. ಎರಡೂ ಇಲ್ಲದೆ ಬಸ್ಸನ್ನೇ ನಂಬಿದವರು ಘಟ್ಟ ಹತ್ತಿ ಸಾಗರಕ್ಕೆ ಹೋಗಿ, ಅಲ್ಲಿಂದ ಹೊಳೆಬಾಗಿಲಿನ ಬಸ್ಸು ಹಿಡಿದು, ಆಮೇಲೆ ಲಾಂಚು ಹತ್ತಬೇಕಿತ್ತು. ನಾನು ಬಸ್ಸಿನ ಜಾತಿಯವನು. ಇಡೀ ದಿನ ಇದಕ್ಕೇ ಎಂದು ತೀರ್ಮಾನಿಸಿ ಬೆಳಗಿನ ಮೊದಲ ಬಸ್ಸುಗಳಲ್ಲೊಂದನ್ನು ಹತ್ತಿದೆ.

ಅದು 2025ರ ಬೇಸಿಗೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆಯ ಕೆಲಸ ಮುಗಿಯುತ್ತ ಬಂದಿತ್ತು. ಆ ವರ್ಷದ ಜುಲೈ 14ರಂದು ಅದು ಉದ್ಘಾಟನೆಯೂ ಆಯಿತು. ಹಾಗಾಗಿ ಇಲ್ಲಿ ಹೇಳುತ್ತಿರುವ ಪ್ರಯಾಣದ ಕೊನೆಯ ತುಂಡನ್ನು ಈಗ ಯಾರೂ ನನ್ನಂತೆ ಕಾದು ದಾಟಬೇಕಾಗಿಲ್ಲ. ಕಾಯುವುದು ತಪ್ಪಿತೆಂದು ಅಲ್ಲಿಯ ಜನರಿಗೆ ಆಗಿರುವ ಸಂತೋಷ ಎಷ್ಟೆಂದು ನೋಡಿದ್ದರಿಂದ, ಲಾಂಚ್ ಹೋಯಿತಲ್ಲ ಎಂದು ಕಣ್ಣೀರು ಹಾಕುವ ಬರಹ ಇದಲ್ಲ. ಆದರೂ ಒಂದು ವ್ಯವಸ್ಥೆ ಹೇಗೆ ನಡೆಯುತ್ತಿತ್ತು ಎಂದು ಬರೆದಿಡಬೇಕು.

ಈ ದಾರಿಯಲ್ಲಿ ನೀವು ಶುರುವಿನಿಂದ ಕೊನೆಯವರೆಗೂ ಒಂದೇ ನದಿಯ ಬೆನ್ನು ಹತ್ತಿರುತ್ತೀರಿ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಸುಮಾರು 128 ಕಿ.ಮೀ. ಹರಿಯುವ ಶರಾವತಿ ಕಡಲು ಸೇರುವುದು ಹೊನ್ನಾವರದಲ್ಲಿ. ಲಾಂಚು ಓಡುತ್ತಿದ್ದದ್ದೂ ಅದೇ ಶರಾವತಿಯ ಮೇಲೆ. ಕೆಳಗೆ ನದಿ ತಾನಾಗಿ ಅಗಲವಾಗಿದೆ, ಮೇಲೆ ನಾವು ಅಣೆಕಟ್ಟು ಕಟ್ಟಿ ಅಗಲ ಮಾಡಿದ್ದೇವೆ.

ಅಳಿವೆಯ ಊರು

ಹೊನ್ನಾವರದ ಚರಿತ್ರೆಯನ್ನು ಪ್ರವಾಸಿ ಕರಪತ್ರಗಳು ನಾಲ್ಕು ಸಾಲಿನಲ್ಲಿ ಮುಗಿಸುತ್ತವೆ, ನಾನೂ ಹಾಗೇ ಮಾಡುತ್ತೇನೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವೆಂದು ಬರೆದಿದ್ದಾನೆ. ಆಮೇಲೆ ಪೋರ್ಚುಗೀಸರು ಬಂದರು, ಮೆಣಸಿಗಾಗಿ ಜಗಳವಾಡಿದರು. ಈಗ ಊರಿನ ಹೆಸರು ಹೇಳುವುದು ನದಿಯ ಮೇಲಿನ ಎರಡು ಕಿ.ಮೀ.ಗೂ ಮಿಕ್ಕಿದ ಕೊಂಕಣ ರೈಲ್ವೆ ಸೇತುವೆ ಮತ್ತು ಆಚೆ ದಡದ ಕಾಸರಕೋಡಿನ ಕಡಲತೀರ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರಗಳಲ್ಲಿ ಅದೂ ಒಂದು. ಕಾಂಡ್ಲಾ ಗಿಡಗಳ ನಡುವೆ ಹಲಗೆ ಹಾಸಿದ ಕಾಲುದಾರಿಯಿದೆ. ಹಿಂದಿನ ದಿನ ಸಂಜೆ ಅಲ್ಲಿ ತಿರುಗಾಡಿದ್ದೆ. ತೀರ ಚೊಕ್ಕಟವಾಗಿತ್ತು. ಅದಕ್ಕಿಂತ ಹಿಡಿಸಿದ್ದು ರಾತ್ರಿ ಊಟದ ಬಂಗಡೆ ಸಾರು.

ಬಸ್ಸು ಹೊರಟ ಮೇಲೆ ಗೇರುಸೊಪ್ಪೆಯವರೆಗೆ ನದಿ ಆಗಾಗ ಕಿಟಕಿಯಲ್ಲಿ ಇಣುಕುತ್ತದೆ. ತೆಂಗು, ಅಡಿಕೆ, ನಡುವೆ ಗದ್ದೆ. ಗೇರುಸೊಪ್ಪೆ ಎಂದರೆ ಹದಿನಾರನೆಯ ಶತಮಾನದಲ್ಲಿ ಐದು ದಶಕಕ್ಕೂ ಹೆಚ್ಚು ಕಾಲ ಆಳಿದ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ನದಿಯ ಆಚೆ ಕಾಡಿನೊಳಗೆ ಚತುರ್ಮುಖ ಬಸದಿ ಇದೆ. ಬಸ್ಸಿನಲ್ಲಿ ಕೂತವರಿಗೆ ಅದು ಕಾಣುವುದಿಲ್ಲ. ಕಾಣುವುದು ಕಂಬಗಳು, ತಂತಿಗಳು, ವಿದ್ಯುತ್ ಯೋಜನೆಯ ಫಲಕಗಳು. ಅಲ್ಲಿಂದ ಮಾವಿನಗುಂಡಿಯವರೆಗೆ ಘಟ್ಟ. ಸಿಂಗಳೀಕಗಳ ಕಾಡು ಇದೇ. ನಮ್ಮ ಬಸ್ಸಿಗೆ ಸಿಂಗಳೀಕ ಸಿಗಲಿಲ್ಲ. ಪ್ರಯಾಣಿಕರು ಎಸೆದ ಚಿಪ್ಸಿನ ಪೊಟ್ಟಣಕ್ಕೆ ಕಾದಿದ್ದ ಮಾಮೂಲಿ ಮಂಗಗಳು ಮಾತ್ರ ಪ್ರತಿ ತಿರುವಿನಲ್ಲೂ ಕುಳಿತಿದ್ದವು.

ಜೋಗದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಬೇಸಿಗೆಯ ಜೋಗವೆಂದರೆ 253 ಮೀಟರಿನ ಒಣಬಂಡೆ. ರಾಜನೂ ಇಲ್ಲ, ರಾಣಿಯೂ ಇಲ್ಲ, ಒಂದೆರಡು ನೂಲಿನಷ್ಟು ನೀರು. ಮೇಲಿನ ನೀರೆಲ್ಲ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತು, ಕೊಳವೆಗಳಲ್ಲಿ ಇಳಿದು, 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಜಲಪಾತ ನೋಡಲು ಬಂದ ಕುಟುಂಬವೊಂದು ಬಂಡೆಯ ಮುಂದೆಯೇ ನಿಂತು ಫೋಟೊ ತೆಗೆಸಿಕೊಂಡು ಸಮಾಧಾನಪಟ್ಟಿತು.

ಸಾಗರದಲ್ಲಿ ನೀರಿನ ಕಡೆಗೆ

ಸಾಗರದ ಖಾಸಗಿ ಬಸ್ ನಿಲ್ದಾಣಕ್ಕೆ ಬಂದರೆ ಹಿನ್ನೀರಿನ ಲೋಕ ಅಲ್ಲಿಂದಲೇ ಶುರುವಾದಂತೆ. ತುಮರಿ, ಬ್ಯಾಕೋಡು, ನಿಟ್ಟೂರು ಎಂದು ಬರೆದ ಫಲಕಗಳು. ಆಸ್ಪತ್ರೆಯ ಕೆಲಸ, ತಾಲ್ಲೂಕು ಕಚೇರಿಯ ಕೆಲಸ, ಅಡಿಕೆ ಮಂಡಿಯ ಕೆಲಸ ಮುಗಿಸಿಕೊಂಡವರು ಚೀಲ ಇಟ್ಟು ಸೀಟು ಹಿಡಿಯುತ್ತಾರೆ. ಬಸ್ಸು ಹೊರಡುವ ಮುಂಚೆ ನಿರ್ವಾಹಕನಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಎಷ್ಟು ಗಂಟೆಯ ಲಾಂಚಿಗೆ ಸಿಗುತ್ತದೆ? ಇಲ್ಲಿ ಬಸ್ಸಿನ ವೇಳೆಯನ್ನು ಯಾರೂ ನೆನಪಿಡುತ್ತಿರಲಿಲ್ಲ. ಎಲ್ಲವೂ ಲಾಂಚಿನ ಲೆಕ್ಕ. ಮದುವೆಯ ಮುಹೂರ್ತಕ್ಕೂ ಲಾಂಚಿನ ಲೆಕ್ಕ ಹಾಕಿಯೇ ದಿಬ್ಬಣ ಹೊರಡಿಸುತ್ತಿದ್ದರು ಎಂದು ಪಕ್ಕದಲ್ಲಿ ಕುಳಿತ ಹಿರಿಯರು ಹೇಳಿದರು.

ಆವಿನಹಳ್ಳಿ ದಾಟಿ ಬಸ್ಸು ಇಳಿಜಾರಿಗೆ ಬಿದ್ದಾಗ ಹಿನ್ನೀರು ಕಂಡಿತು. ಹೊಳೆಬಾಗಿಲು ಎನ್ನುವ ಆ ದಡದಲ್ಲಿ ಭಜಿ ಅಂಗಡಿ, ಎಳನೀರಿನ ಗಾಡಿ, ಉದ್ದಕ್ಕೆ ನಿಂತ ಕಾರುಗಳ ಸಾಲು. ರಜೆಯ ದಿನಗಳಾದ್ದರಿಂದ ಸಿಗಂದೂರಿನ ಭಕ್ತರೇ ಹೆಚ್ಚು. ಸ್ಥಳೀಯರ ಮುಖ ನೋಡಿದರೆ ಗೊತ್ತಾಗುತ್ತದೆ: ನೀರಿನ ಕಡೆ ತಿರುಗಿಯೂ ನೋಡದೆ ಮೊಬೈಲು ನೋಡುತ್ತ ನಿಂತವರೆಲ್ಲ ಆಚೆ ದಡದವರು.

ನೀರು ಬಹಳ ಕೆಳಗಿತ್ತು. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲ ಚೆನ್ನಾಗಿ ಆದ ವರ್ಷ ನೀರು ರಸ್ತೆಯ ಬುಡಕ್ಕೇ ಬರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಕೆಂಪು ಮಣ್ಣಿನ ಮೇಲೆ ದೂರ ಇಳಿಯಬೇಕು. ಮಣ್ಣಿನಲ್ಲಿ ಹಳೆಯ ಮರಗಳ ಕಪ್ಪು ಬೊಡ್ಡೆಗಳು ಹಾಗೇ ನಿಂತಿವೆ. ಅರವತ್ತು ವರ್ಷಗಳಿಂದ ಪ್ರತಿ ವರ್ಷವೂ ಮುಳುಗಿ ಏಳುತ್ತಿದ್ದರೂ ಕೊಳೆತಿಲ್ಲ.

ಲಾಂಚಿನವನ ವಿದ್ಯೆ

ಲಾಂಚು ಎಂದರೆ ಹಡಗಿನ ಕಲ್ಪನೆ ಬೇಡ. ಚಪ್ಪಟೆ ಕಬ್ಬಿಣದ ಅಂಗಳ, ಅದರ ತುದಿಯಲ್ಲಿ ದಡಕ್ಕೆ ಇಳಿಸುವ ಕಬ್ಬಿಣದ ಬಾಗಿಲು, ಎತ್ತರದಲ್ಲಿ ಚಾಲಕನ ಗೂಡು. ನಮ್ಮ ಬಸ್ಸು ಖಾಲಿಯಾಗಿ ನಿಧಾನವಾಗಿ ಅದರ ಮೇಲೆ ಹತ್ತಿತು. ನಾವು ನಡೆದು ಹತ್ತಿದೆವು. ಆಮೇಲೆ ಕಾರುಗಳು, ಸಂದಿಯಲ್ಲಿ ಬೈಕುಗಳು, ಅಡಿಕೆ ಚೀಲ, ಗ್ಯಾಸ್ ಸಿಲಿಂಡರು, ಒಂದು ಹೊಸ ಗೋದ್ರೆಜ್ ಬೀರು.

ಇಷ್ಟನ್ನೂ ಒಬ್ಬ ಮನುಷ್ಯ ನಿಲ್ಲಿಸುತ್ತಿದ್ದ. ಐವತ್ತರ ಆಸುಪಾಸು, ಮಾಸಿದ ಖಾಕಿ ಅಂಗಿ, ಕೊರಳಲ್ಲಿ ಸೀಟಿ. ಮದುವೆ ಮನೆಯಲ್ಲಿ ಪಂಕ್ತಿ ಕೂರಿಸುವ ಅನುಭವಿ ಹಿರಿಯನ ಹಾಗೆ ಯಾರನ್ನೂ ನೋಯಿಸದೆ, ಯಾರ ಮಾತನ್ನೂ ಕೇಳದೆ, ಪ್ರತಿಯೊಂದು ವಾಹನಕ್ಕೂ ಜಾಗ ತೋರಿಸುತ್ತಿದ್ದ. ಬೆಂಗಳೂರಿನ ದೊಡ್ಡ ಕಾರೊಂದರ ಯಜಮಾನರು ತಾವೇ ಮೊದಲು ಹತ್ತುತ್ತೇವೆಂದು ಹಟ ಹಿಡಿದರು. ಅವನು ಸೀಟಿ ಊದಿ ಅವರನ್ನು ಮೂರನೆಯ ಸಾಲಿಗೆ ಕಳಿಸಿದ.

ಎಂಜಿನ್ನು ಶುರುವಾಗಿ ಕೈ ಖಾಲಿಯಾದ ಮೇಲೆ ಅವನು ಕಟಕಟೆಗೆ ಒರಗಿ ಎಲೆಯಡಿಕೆ ಬಿಚ್ಚಿದ. ಮಾತಿಗೆ ಎಳೆಯಬೇಕಾಗಲಿಲ್ಲ. ಬಸ್ಸನ್ನು ಎಲ್ಲಿ ನಿಲ್ಲಿಸಬೇಕೆಂಬುದು ಅಳತೆ ಪಟ್ಟಿಯಿಂದ ತಿಳಿಯುವುದಲ್ಲವಂತೆ, ಕಾಲಡಿಯ ಅಂಗಳ ಎಷ್ಟು ವಾಲಿತು ಎಂದು ಪಾದಕ್ಕೆ ಗೊತ್ತಾಗಬೇಕಂತೆ. ಭಾರ ಮುಂದಾದರೆ ಮೂತಿ ಕೆಸರಿಗೆ ಕಚ್ಚಿ ಲಾಂಚು ಹೊರಡುವುದಿಲ್ಲ. ಹಿಂದಾದರೆ ಆಚೆ ದಡದಲ್ಲಿ ಬಾಗಿಲು ಮಣ್ಣಿಗೆ ತಾಗುವುದಿಲ್ಲ. ಬೇಸಿಗೆಯಲ್ಲಿ ಇನ್ನೂ ಕಷ್ಟ.

"ನೀರು ಒಂದಡಿ ಇಳಿದ್ರೆ ದಡ ಹತ್ತಡಿ ಓಡ್ತದೆ ಮಾರಾಯ್ರೆ," ಎಂದ. ಹಾಗೆ ಓಡಿದ ದಡದ ಹಿಂದೆ ಇವರೂ ಕಲ್ಲು ಮಣ್ಣು ಹೊತ್ತು ಹೋಗಿ ಹೊಸದಾಗಿ ದಾರಿ ಕಟ್ಟಬೇಕಿತ್ತು. ವಾರಕ್ಕೊಂದು ಸಲವಾದರೂ ಲಾಂಚು ಹಚ್ಚುವ ಜಾಗ ಬದಲಾಗುತ್ತಿತ್ತು.

ನೀರಿನ ಕೆಳಗಿನ ನಕ್ಷೆ ಅವನ ತಲೆಯಲ್ಲಿತ್ತು. ಇಲ್ಲಿ ಹಳೆಯ ಗದ್ದೆಯ ಬದು, ಅಲ್ಲಿ ಒಂದು ಬಾವಿ, ಬಲಕ್ಕೆ ಹೋದರೆ ಮತ್ತಿ ಮರದ ಬೊಡ್ಡೆ. ಚಾಲಕ ಹೊಸಬನಾದರೆ ಇವನು ಮುಂದೆ ನಿಂತು ಕೈ ತೋರಿಸಬೇಕಿತ್ತು. ಆಷಾಢದ ಗಾಳಿಗೆ ತೆರೆ ಏಳುವ ದಿನ ಯಾವ ಕಡೆಯಿಂದ ಮೂತಿ ತಿರುಗಿಸಬೇಕು, ಮಂಜು ಕವಿದ ಬೆಳಗ್ಗೆ ಹಾರ್ನು ಹೊಡೆದು ದಡದ ಪ್ರತಿಧ್ವನಿ ಹೇಗೆ ಹಿಡಿಯಬೇಕು ಎಂಬುದೂ ಅವನಿಗೆ ಗೊತ್ತು. ಇದನ್ನೆಲ್ಲ ಯಾರು ಕಲಿಸಿದರು ಎಂದರೆ, ಅಪ್ಪ ದೋಣಿ ಹಾಕುತ್ತಿದ್ದ ಎಂದಷ್ಟೇ ಹೇಳಿದ.

ರಾತ್ರಿಯ ಕತೆಗಳು ಅವನ ಬಳಿ ಬೇಕಾದಷ್ಟಿದ್ದವು. ಸಂಜೆ ಕತ್ತಲಾಗುವ ಹೊತ್ತಿಗೆ ಲಾಂಚು ನಿಲ್ಲುತ್ತಿತ್ತು. ಆಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದುಕೊಂಡರೆ? ಫೋನು ಬರುತ್ತಿತ್ತು. ಬೆಡ್‌ಶೀಟು ಹೊದ್ದು ಮಲಗಿದವನು ಎದ್ದು ಬರಬೇಕಿತ್ತು. ಫೋನೂ ಇಲ್ಲದ ಕಾಲದಲ್ಲಿ ಆಚೆ ದಡದಲ್ಲಿ ಬೆಂಕಿ ಹಚ್ಚಿ ತೋರಿಸುತ್ತಿದ್ದರಂತೆ. ಎಷ್ಟೋ ಸಲ ಸರಿಯಾದ ಹೊತ್ತಿಗೆ ದಾಟಿಸಿದ್ದಾನೆ. ದಾಟಿಸಿಯೂ ಆಗದೆ ಹೋದದ್ದನ್ನು ಅವನು ಹೇಳಲಿಲ್ಲ, ಪಕ್ಕದಲ್ಲಿ ನಿಂತ ಹೆಂಗಸು ಹೇಳಿದರು. ಅವರ ಬುಟ್ಟಿಯಲ್ಲಿ ಸಾಗರದಲ್ಲಿ ಮಾರಿ ಉಳಿದ ಅಪ್ಪೆಮಿಡಿ ಇತ್ತು. ಹೊಳೆಯಂಚಿನಲ್ಲಿ ತಾನಾಗಿ ಬೆಳೆಯುವ ಮರದ್ದು. ಮಲೆನಾಡಿನ ಅಪ್ಪೆಮಿಡಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ತಮ್ಮ ಅಜ್ಜಿಯ ಕಾಲದ ಒಳ್ಳೆ ಮರಗಳೆಲ್ಲ ಈ ನೀರಿನ ಅಡಿಯಲ್ಲಿವೆ ಎಂದು ಅವರು ಕೈ ಬೀಸಿ ಇಡೀ ಹಿನ್ನೀರನ್ನೇ ತೋರಿಸಿದರು.

ನಮ್ಮ ಪಕ್ಕದಲ್ಲೇ ಸೇತುವೆ ಸಾಗುತ್ತಿತ್ತು. ಸುಮಾರು ಎರಡೂವರೆ ಕಿ.ಮೀ. ಉದ್ದ, ನಡುವೆ ಕಂಬದಿಂದ ಇಳಿಬಿಟ್ಟ ಕೇಬಲ್ಲುಗಳು. ನಾನೂರು ಕೋಟಿ ರೂಪಾಯಿಗೂ ಮಿಕ್ಕಿದ ಖರ್ಚು. 2018ರಲ್ಲಿ ಶಂಕುಸ್ಥಾಪನೆಯಾಗಿ ಮುಗಿಯುವ ಹೊತ್ತಿಗೆ ಏಳು ವರ್ಷ ಹಿಡಿದಿದೆ. ಸೇತುವೆ ಬಂದ ಮೇಲೆ ನಿಮ್ಮ ಕೆಲಸವೇನು ಎಂದು ಲಾಂಚಿನವನನ್ನು ಕೇಳಿದೆ. ಎಲೆಯ ತೊಟ್ಟು ಚಿವುಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವರಲ್ಲಿ ಹಲವರು ಕಾಯಂ ನೌಕರರಲ್ಲ. ಬೇರೆ ಕಡವಿಗೆ ಹಾಕುತ್ತಾರೆ ಎಂದು ಒಬ್ಬರು, ಮನೆಗೆ ಕಳಿಸುತ್ತಾರೆ ಎಂದು ಇನ್ನೊಬ್ಬರು ಹೇಳುತ್ತಿದ್ದರಂತೆ. ಆದರೆ ಸೇತುವೆ ಬೇಡವೆಂದು ಅವನ ಬಾಯಿಂದ ಬರಲಿಲ್ಲ. "ನನ್ನ ಮಗಳ ಹೆರಿಗೆಗೆ ನಾನೇ ಲಾಂಚ್ ಬಿಟ್ಟವ. ಬೇಡ ಅಂತ ಹೆಂಗೆ ಹೇಳೋದು?" ಎಂದ.

ಆಚೆ ದಡ

ಕಾಲು ಗಂಟೆಯ ಆಸುಪಾಸಿನಲ್ಲಿ ಕಳಸವಳ್ಳಿ ಬಂತು. ಇಳಿದವರಲ್ಲಿ ಮುಕ್ಕಾಲು ಪಾಲು ನೇರ ಸಿಗಂದೂರಿಗೆ ಹೋದರು. ಸಿಗಂದೂರು ಚೌಡೇಶ್ವರಿಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ದೇವಿಯ ಕಾವಲಿದೆ ಎಂಬ ಫಲಕವನ್ನು ಬೆಂಗಳೂರಿನ ಖಾಲಿ ನಿವೇಶನದಿಂದ ಬಯಲುಸೀಮೆಯ ತೋಟದ ಬೇಲಿಯವರೆಗೆ ಎಲ್ಲೆಲ್ಲೂ ನೋಡಿದ್ದೇವೆ. ಕಳ್ಳತನ, ಜಮೀನು ತಕರಾರು, ಕೊಟ್ಟ ಸಾಲ ಬಾರದಿರುವುದು, ಇಂಥವಕ್ಕೆಲ್ಲ ಹರಕೆ. ಸರದಿಯಲ್ಲಿ ನನ್ನ ಮುಂದಿದ್ದ ಹಾವೇರಿ ಕಡೆಯ ರೈತರು ಪಂಪ್‌ಸೆಟ್ಟು ಕಳವಾದದ್ದಕ್ಕೆ ಬಂದಿದ್ದರು. ಪೊಲೀಸರಿಗೆ ಹೇಳಿದಿರಾ ಎಂದರೆ, ಅದನ್ನೂ ಮಾಡಿದ್ದೇವೆ, ಇದನ್ನೂ ಮಾಡುತ್ತಿದ್ದೇವೆ ಎಂದರು. ದೇವಸ್ಥಾನದ ಊಟ ಚೆನ್ನಾಗಿತ್ತು. ಸುತ್ತಲಿನ ರಸ್ತೆಬದಿಯ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿರಲಿಲ್ಲ.

ಆದರೆ ಸಿಗಂದೂರಷ್ಟೇ ನೋಡಿ ತಿರುಗಿದರೆ ಈ ಸೀಮೆ ನೋಡಿದ ಹಾಗಾಗುವುದಿಲ್ಲ. ತುಮರಿಯ ಪೇಟೆಯಲ್ಲಿ ಇಳಿಯಬೇಕು. ಸಾಗರ ತಾಲ್ಲೂಕಿನ ಕರೂರು ಮತ್ತು ಬಾರಂಗಿ ಹೋಬಳಿಗಳ ಊರುಗಳಿಗೆ ಇದೇ ದೊಡ್ಡ ಪೇಟೆ. ನಕಾಶೆ ಬಿಡಿಸಿ ನೋಡಿದರೆ ಇದು ಪೂರಾ ದ್ವೀಪವಲ್ಲ. ಬೆನ್ನ ಹಿಂದೆ ಕೊಡಚಾದ್ರಿಯ ಕಾಡಿದೆ, ಕೊಲ್ಲೂರಿಗೆ ರಸ್ತೆಯಿದೆ. ಆದರೆ ಇವರ ಆಸ್ಪತ್ರೆ, ಕಾಲೇಜು, ಕೋರ್ಟು, ಮಂಡಿ ಎಲ್ಲ ಇರುವುದು ಸಾಗರದಲ್ಲಿ. ಆ ಸಾಗರಕ್ಕೆ ನೀರು ದಾಟದೆ ಹೋಗಬೇಕಾದರೆ ಕಾಡು ಸುತ್ತಿ ಅರ್ಧ ದಿನ ಕಳೆಯಬೇಕು. ಹಾಗಾಗಿ ಅರವತ್ತು ವರ್ಷ ಇದು ದ್ವೀಪವಾಗಿಯೇ ಬದುಕಿತು.

ತುಮರಿಯ ಹೋಟೆಲೊಂದರಲ್ಲಿ ಚಹಾ ಕುಡಿಯುತ್ತ ಕುಳಿತರೆ ಮುಳುಗಡೆಯ ಮಾತು ತಾನಾಗಿ ಬರುತ್ತದೆ. ಇಲ್ಲಿ ಅದು ಇತಿಹಾಸವಲ್ಲ, ಮನೆಯ ಲೆಕ್ಕಾಚಾರ. ಮೊದಲು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಬಂತು. ಆಗಲೇ ಕೆಲವರು ಎದ್ದು ಹೋದರು. 1964ರಲ್ಲಿ 151 ಟಿಎಂಸಿ ನೀರು ಹಿಡಿಯುವ ಲಿಂಗನಮಕ್ಕಿ ಬಂದಾಗ ಹಿರೇಭಾಸ್ಕರವೇ ಮುಳುಗಿಹೋಯಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಆ ಹಳೆಯ ಅಣೆಕಟ್ಟು ಪೂರಾ ಹೊರಗೆ ಕಾಣುತ್ತದೆ, ಜನ ಅದರ ಮೇಲೆ ನಡೆದಾಡಿ ಬರುತ್ತಾರೆ. ಎರಡನೆಯ ಮುಳುಗಡೆಯಲ್ಲಿ ಮನೆ ಕಳಕೊಂಡವರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ ಜಿಲ್ಲೆಯ ದೂರದ ಕಾಡುಗಳಲ್ಲಿ ಇಳಿಸಿದರು. ದೇವರ ಕಲ್ಲು, ದನಕರು, ಬೀಸುವ ಕಲ್ಲು ಹೊತ್ತು ಹೋದವರು ಅಲ್ಲಿ ಮತ್ತೆ ಕಾಡು ಕಡಿದು ಗದ್ದೆ ಮಾಡಿದರು. ಎತ್ತರದಲ್ಲಿದ್ದವರು ಉಳಿದರು. ಆದರೆ ಅವರ ನೆಂಟರು, ಸಂತೆ, ದಾರಿ ಉಳಿಯಲಿಲ್ಲ.

ಈ ಕತೆಯನ್ನು ಕನ್ನಡಕ್ಕೆ ಹೇಳಿದವರು ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣ ಕಮಲ ಬಂತು. ಡಿಸೋಜ ತೀರಿಕೊಂಡದ್ದು 2025ರ ಜನವರಿಯಲ್ಲಿ. ಇನ್ನಾರು ತಿಂಗಳು ಇದ್ದಿದ್ದರೆ ಸೇತುವೆ ನೋಡುತ್ತಿದ್ದರು ಎಂದು ಹೋಟೆಲಿನ ಯಜಮಾನರು ಈಚೆಗೆ ಫೋನಿನಲ್ಲಿ ಮಾತಾಡಿದಾಗ ಹೇಳಿದರು.

ಇಲ್ಲಿಯವರ ದೂರು ಒಂದೆರಡಲ್ಲ. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ಪಕ್ಕದಲ್ಲೇ ಇದ್ದು ತಾವು ಬಹುಕಾಲ ಚಿಮಣಿ ದೀಪದಲ್ಲಿ ಕಳೆದದ್ದು ಒಂದು. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತುವುದು ಇನ್ನೊಂದು. ಹೆಚ್ಚಿನ ಸಂಕಟ ಜಮೀನಿನದು. ಮುಳುಗಡೆಯವರಿಗೆ ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆ ಕಂದಾಯ, ಅರಣ್ಯ, ನ್ಯಾಯಾಲಯ ಎಂದು ಸುತ್ತುತ್ತಲೇ ಇದೆ. ಅಜ್ಜ ಲಾರಿಯಿಂದ ಇಳಿದ ಜಾಗದಲ್ಲಿ ಮೊಮ್ಮಗ ಇವತ್ತೂ ಹಕ್ಕುಪತ್ರಕ್ಕೆ ಅರ್ಜಿ ಹಿಡಿದು ಓಡಾಡುತ್ತಿದ್ದಾನೆ. ಒಂದು ಪೀಳಿಗೆಯ ಅವಧಿಯಲ್ಲಿ ಆಗಬೇಕಾದ ಕಾಗದದ ಕೆಲಸಕ್ಕೆ ಮೂರು ಪೀಳಿಗೆ ಸಾಲದೆ ಹೋದದ್ದು ಹೇಗೆ ಎಂದು ಹೋಟೆಲಿನಲ್ಲಿ ಕುಳಿತವರು ನನ್ನನ್ನೇ ಕೇಳಿದರು.

ಸೇತುವೆಯ ನಂತರ

ಸಂಜೆಯ ಲಾಂಚಿನಲ್ಲಿ ವಾಪಸು ಬಂದೆ. ಭಕ್ತರ ಕಾರುಗಳಿಗೆ ನೂಕುನುಗ್ಗಲು. ಪಟ್ಟಣದಿಂದ ಬಂದ ಒಂದು ಗುಂಪು, ಸೇತುವೆ ಬಂದರೆ ಇಲ್ಲಿನ ಸೊಬಗೇ ಹಾಳು ಎಂದು ಗಟ್ಟಿಯಾಗಿ ಮಾತಾಡಿಕೊಳ್ಳುತ್ತಿತ್ತು. ಡಿಗ್ರಿ ಓದುವ ತುಮರಿಯ ಹುಡುಗಿಯೊಬ್ಬಳು ಕೇಳಿಸಿಕೊಂಡಳು. ಅವಳು ಕಾಲೇಜಿಗಾಗಿ ಸಾಗರದಲ್ಲಿ ಹಾಸ್ಟೆಲಿನಲ್ಲಿದ್ದಳು. ಸೇತುವೆ ಆದರೆ ಮನೆಯಿಂದಲೇ ಓಡಾಡಬಹುದು ಎಂದು ದಿನ ಎಣಿಸುತ್ತಿದ್ದಳು. ಅವಳು ಅವರಿಗೆ ಏನೂ ಹೇಳಲಿಲ್ಲ. ನನಗಂತೂ ಆ ಗುಂಪಿನ ಮಾತಿನಲ್ಲಿ ಹುರುಳು ಕಾಣಲಿಲ್ಲ. ವರ್ಷಕ್ಕೊಮ್ಮೆ ದಾಟುವವರಿಗೆ ಲಾಂಚು ವಿಹಾರ, ದಿನಾ ದಾಟುವವರಿಗೆ ಅದು ಸರದಿ.

ಈಗ ಸೇತುವೆ ಇದೆ. ರಾತ್ರಿ ಎರಡು ಗಂಟೆಗೂ ಆಂಬುಲೆನ್ಸು ದಾಟಬಹುದು. ಇದಕ್ಕಿಂತ ದೊಡ್ಡ ಮಾತಿಲ್ಲ. ಆದರೆ ಕಾರುಗಳು ಸೇತುವೆ ಇಳಿದು ಸಿಗಂದೂರಿಗೆ ಹೋಗಿ, ಅರ್ಧ ದಿನದಲ್ಲಿ ತಿರುಗಿ ಬಂದರೆ ತುಮರಿಗೆ ಸಿಗುವುದು ಧೂಳು ಮತ್ತು ಪ್ಲಾಸ್ಟಿಕ್ ಅಷ್ಟೇ. ಹೊಳೆಬಾಗಿಲಿನ ಭಜಿ ಅಂಗಡಿಯವರ ಗಿರಾಕಿಗಳು ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಯಾರಾದರೂ ಯೋಚಿಸಬೇಕು. ಒಂದು ಲಾಂಚನ್ನಾದರೂ ಹಿನ್ನೀರಿನ ವಿಹಾರಕ್ಕೆ ಉಳಿಸಿ, ಆ ಖಾಕಿ ಅಂಗಿಯವನಂಥವರನ್ನೇ ಅದರ ಮೇಲೆ ನಿಲ್ಲಿಸಬಹುದು. ನೀರಿನ ಕೆಳಗಿನ ಊರುಗಳ ಗುರುತು ಹೇಳಬಲ್ಲವರು ಅವರೇ. ಅವರು ಸುಮ್ಮನೆ ಮನೆಗೆ ಹೋದರೆ ಆ ನಕ್ಷೆಯೂ ಅವರ ಜೊತೆ ಹೋಗುತ್ತದೆ.

ಹೊನ್ನಾವರದಿಂದ ಹೋಗುವವರಿಗೆ ಒಂದು ಸಲಹೆ. ಆದಷ್ಟು ಬೆಳಿಗ್ಗೆ ಹೊರಡಿ, ಸಾಗರದಲ್ಲಿ ಬಸ್ಸು ಬದಲಿಸಿ. ಜೋಗದಲ್ಲಿ ನೀರು ಬೇಕೆಂದರೆ ಜುಲೈಯಿಂದ ಸೆಪ್ಟೆಂಬರ್ ಒಳಗೆ ಹೋಗಿ, ಮುಳುಗಿದ ಮರಗಳ ಬೊಡ್ಡೆ ನೋಡಬೇಕೆಂದರೆ ಏಪ್ರಿಲ್, ಮೇ. ದೇವಿಯ ದರ್ಶನ ಮುಗಿಸಿ ತುಮರಿಯಲ್ಲಿ ಇಳಿಯಿರಿ, ಊಟ ಮಾಡಿ, ಸಿಕ್ಕರೆ ಅಪ್ಪೆಮಿಡಿ ಕೊಳ್ಳಿ. ನೀರಿನ ಬಾಟಲಿಯನ್ನು ವಾಪಸು ಒಯ್ಯಿರಿ. ಸರ್ಕಾರಕ್ಕೂ ಒಂದು ಮಾತು: ಸೇತುವೆಗೆ ಅರವತ್ತು ವರ್ಷ ಕಾಯಿಸಿದಿರಿ, ಹಕ್ಕುಪತ್ರಕ್ಕೆ ಇನ್ನೂ ಅಷ್ಟು ಕಾಯಿಸಬೇಡಿ.